ಮೇಕೆಯ ಕೂಗು ಬಂದೊಡನೆ ಎಲ್ಲರೂ ನಗುತ್ತಾರೆ: ಧ್ವನಿಮುದ್ರಿಸಿದ ಸದ್ದುಗಳಿಂದ ಎಲೆಕ್ಟ್ರಾನಿಕ್ ಸಂಗೀತ ಕಟ್ಟುವ ಬಗ್ಗೆ

ಪ್ರಶ್ನೆ ಕೇಳಿದವರು: ಮುಂಜಾವು

ಎಲ್ಲರಿಗೂ ನಮಸ್ಕಾರ. ಕಳೆದ ಎಂಟು ತಿಂಗಳಿಂದ ಅಂಗೈಯಗಲದ ಒಂದು ರೆಕಾರ್ಡರನ್ನು ಹಿಡಿದುಕೊಂಡು ಹೊಲ, ಕೊಟ್ಟಿಗೆ, ಬಾವಿಕಟ್ಟೆ, ಕೆರೆಯ ಏರಿ ಎಂದು ಸುತ್ತಾಡಿ ಸುಮಾರು 11 ಗಂಟೆಗಳಷ್ಟು ಸದ್ದನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಮೇಕೆ, ಹಸು, ಕೋಳಿ, ಜೇನು, ರಾತ್ರಿಯ ಕಪ್ಪೆ ಮತ್ತು ಜೀರುಂಡೆ, ಬಾವಿಯ ರಾಟೆ, ಹಾಲು ಕರೆಯುವಾಗ ಪಾತ್ರೆಗೆ ಬೀಳುವ ಧಾರೆ, ಒಣಹುಲ್ಲನ್ನು ಎಳೆಯುವ ಸದ್ದು ಎಲ್ಲವೂ ಅದರಲ್ಲಿವೆ. ಬೇರೆ ಯಾವ ವಾದ್ಯವನ್ನೂ ಸೇರಿಸದೆ, ಇವುಗಳಿಂದಲೇ ಎಲೆಕ್ಟ್ರಾನಿಕ್ ಸಂಗೀತದ ಒಂದು ರಚನೆಯನ್ನು ಮಾಡಬೇಕೆಂಬುದು ನನ್ನ ಆಸೆ.

ಮೊದಲ ಪ್ರಯತ್ನದಲ್ಲಿ ನಿಮಿಷಕ್ಕೆ 120 ಬಡಿತಗಳ ಲಯವನ್ನು ಇಟ್ಟುಕೊಂಡು, ಡ್ರಮ್ಮಿನ ಜಾಗದಲ್ಲಿ ಕೊಟ್ಟಿಗೆಯ ಬಾಗಿಲು ಬಡಿದ ಸದ್ದನ್ನೂ, ತಾಳದ ಜಾಗದಲ್ಲಿ ಕುರಿಯ ಕೊರಳಗಂಟೆಯನ್ನೂ ಕೂರಿಸಿ, ಮೇಕೆಯ ಒಂದು ಕೂಗನ್ನು ಸ್ಯಾಂಪ್ಲರಿಗೆ (ಮುದ್ರಿಸಿದ ಸದ್ದನ್ನು ಕೀಲಿಗಳಿಂದ ನುಡಿಸುವ ಸಾಧನ) ಹಾಕಿ ಕೀಬೋರ್ಡಿನಲ್ಲಿ ಹಾಡಿನಂತೆ ನುಡಿಸಿದೆ. ನಾಲ್ವರು ಸ್ನೇಹಿತರಿಗೆ ಕೇಳಿಸಿದಾಗ ಮೇಕೆ ಬಂದ 20ನೆಯ ಸೆಕೆಂಡಿಗೆ ಸರಿಯಾಗಿ ನಾಲ್ವರೂ ನಕ್ಕರು. ಬೇಸರವಾಗಿ ಎರಡನೆಯ ಪ್ರಯತ್ನದಲ್ಲಿ ಎಲ್ಲ ಸದ್ದುಗಳನ್ನೂ ರಿವರ್ಬ್ (ಗುಂಗು), ಫಿಲ್ಟರ್ (ಸೋಸುವಿಕೆ), ಡಿಲೇ (ಮಾರ್ದನಿ)ಗಳಲ್ಲಿ ಅದ್ದಿ ತೆಗೆದೆ. ಈ ಬಾರಿ ಯಾರೂ ನಗಲಿಲ್ಲ. ಆದರೆ ಅದು ಮೇಕೆಯೋ ಸಿಂಥಸೈಸರೋ ಎಂಬುದು ನನಗೇ ತಿಳಿಯದಂತಾಯಿತು. ಹಾಗಿದ್ದ ಮೇಲೆ ನಸುಕಿನ ನಾಲ್ಕೂವರೆಗೆ ಎದ್ದು ಕೊಟ್ಟಿಗೆಗೆ ಹೋಗಿದ್ದಾದರೂ ಏಕೆ?

ಸದ್ದನ್ನು ಎಷ್ಟರ ಮಟ್ಟಿಗೆ ಮಾರ್ಪಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ನೀವೆಲ್ಲ ಹೇಗೆ ನಿರ್ಧರಿಸುತ್ತೀರಿ? ಇನ್ನೊಂದು ತೊಂದರೆಯೆಂದರೆ, ನನ್ನ ಅನೇಕ ಫೈಲುಗಳಲ್ಲಿ ಹಿನ್ನೆಲೆಯ ‘ಸ್ಸ್’ ಎಂಬ ಸದ್ದು ತುಂಬ ಇದೆ, ಮತ್ತು ಯಾವ ಪ್ರಾಣಿಯೂ ಶ್ರುತಿಗೆ ಹೊಂದುವುದಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರಿಕೆ.

ಉತ್ತರ: ಹಳೇಟೇಪು

ಮುಂಜಾವು ಅವರೇ, ನಿಮ್ಮ ಸ್ನೇಹಿತರು ನಕ್ಕಿದ್ದು ಮೇಕೆಯನ್ನು ಕೇಳಿ ಅಲ್ಲ, ಮೇಕೆಗೆ ಹಾಕಿಸಿದ ವೇಷವನ್ನು ಕಂಡು. ಪಿಟೀಲು ಮಾಡಬೇಕಾದ ಕೆಲಸವನ್ನು ಮೇಕೆಯ ಕೈಯಲ್ಲಿ ಮಾಡಿಸಿದರೆ ಯಾರಿಗಾದರೂ ನಗು ಬರುತ್ತದೆ. ನೀವು ಮೊದಲೇ ಒಂದು ಹಾಡಿನ ಚೌಕಟ್ಟನ್ನು ಸಿದ್ಧ ಮಾಡಿಕೊಂಡು ಅದರ ಖಾಲಿ ಕುರ್ಚಿಗಳಲ್ಲಿ ಸದ್ದುಗಳನ್ನು ಕೂರಿಸಿದ್ದೀರಿ. ಎರಡನೆಯ ಪ್ರಯತ್ನದಲ್ಲಿ ಕುರ್ಚಿಗಳು ಹಾಗೆಯೇ ಉಳಿದವು, ಕೂತವರ ಮುಖಕ್ಕೆ ಮುಸುಕು ಬಂದಿತು, ಅಷ್ಟೆ.

ಈ ಪ್ರಶ್ನೆ ಹೊಸದೇನಲ್ಲ. ಪ್ಯಾರಿಸ್ಸಿನ ರೇಡಿಯೋದಲ್ಲಿ ಎಂಜಿನಿಯರಾಗಿದ್ದ ಪಿಯೆರ್ ಶೆಫರ್ 1948ರಲ್ಲಿ ಬಾತಿನ್ಯೋಲ್ ನಿಲ್ದಾಣದ ರೈಲುಗಳ ಸದ್ದನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡು, ಅದರಿಂದಲೇ ಒಂದು ರಚನೆಯನ್ನು ಮಾಡಿ ಅದೇ ವರ್ಷ ರೇಡಿಯೋದಲ್ಲಿ ಪ್ರಸಾರ ಮಾಡಿದರು. ಆಗಿನ್ನೂ ಅವರ ಕೈಯಲ್ಲಿ ಕತ್ತರಿಸಿ ಅಂಟಿಸಬಹುದಾದ ಟೇಪು ಇರಲಿಲ್ಲ. ತಟ್ಟೆಯ ಗೆರೆಯೊಂದನ್ನು ಮುಚ್ಚಿದ ಸುತ್ತನ್ನಾಗಿ ಮಾಡಿ, ಸೂಜಿ ಅಲ್ಲಿಯೇ ಮತ್ತೆ ಮತ್ತೆ ತಿರುಗುವಂತೆ ಮಾಡುತ್ತಿದ್ದರು. ಇಂದು ನಾವು ಲೂಪ್ ಎಂದು ಕರೆಯುವುದರ ಹಿರಿಯಜ್ಜ ಅದು. ಸದ್ದು ಎಲ್ಲಿಂದ ಬಂದಿತು ಎಂಬುದನ್ನು ಬದಿಗಿಟ್ಟು ಸದ್ದನ್ನಷ್ಟೇ ಕೇಳುವ ಒಂದು ಅಭ್ಯಾಸವನ್ನು ಅವರು ಪ್ರತಿಪಾದಿಸಿದರು. ಇದಕ್ಕೆ ಎದುರು ಬದಿಯಲ್ಲಿ ಫ್ರೆಂಚ್ ಸಂಗೀತ ರಚನಾಕಾರ ಲ್ಯೂಕ್ ಫೆರಾರಿ ಇದ್ದಾರೆ. ಈಗಿನ ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯ ಮೀನುಗಾರರ ಹಳ್ಳಿಯೊಂದರಲ್ಲಿ ಬೆಳಗಾಗುವುದನ್ನು ಮುದ್ರಿಸಿಕೊಂಡು, ದೋಣಿ, ಜನರ ಮಾತು, ಜೀರುಂಡೆ ಯಾವುದನ್ನೂ ಮರೆಮಾಚದೆ, ಸುಮಾರು 20 ನಿಮಿಷಗಳಿಗೆ ಇಳಿಸಿ 1970ರಲ್ಲಿ ಅವರು ಮುಗಿಸಿದ ರಚನೆಯಲ್ಲಿ ಸದ್ದಿನ ಮೂಲವೇ ಮುಖ್ಯ. ನಿಮ್ಮ ಎರಡು ಪ್ರಯತ್ನಗಳು ಈ ಎರಡು ದಾರಿಗಳ ಬಾಯಲ್ಲಿ ನಿಂತು ಒಳಗೆ ಹೋಗದೆ ಹಿಂದಿರುಗಿದಂತಿವೆ.

ಮೊದಲ ದಾರಿಯಲ್ಲಿ ಹೋಗುವುದಾದರೆ ರಿವರ್ಬನ್ನು ಪಕ್ಕಕ್ಕಿಟ್ಟು ಬ್ಲೇಡನ್ನು ಕೈಗೆತ್ತಿಕೊಳ್ಳಿ ಎಂದು ನನ್ನ ಸಲಹೆ. ಶೆಫರ್ ಗಂಟೆಯ ಸದ್ದಿನಿಂದ ಮೊದಲ ಪೆಟ್ಟನ್ನು ತೆಗೆದುಹಾಕಿದಾಗ ಉಳಿದ ಭಾಗವು ಊದುವ ವಾದ್ಯದಂತೆ ಕೇಳಿಸಿತು. ಒಂದು ಸದ್ದನ್ನು ಗುರುತಿಸಲು ನಮ್ಮ ಕಿವಿ ಅದರ ಆರಂಭವನ್ನು ಬಹಳವಾಗಿ ನೆಚ್ಚಿಕೊಂಡಿರುತ್ತದೆ. ನಿಮ್ಮ ಕೊರಳಗಂಟೆಯ ಒಂದು ಸ್ವಚ್ಛವಾದ ಪೆಟ್ಟನ್ನು ಆರಿಸಿ, ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಅಲೆಯ ಚಿತ್ರ ಪರದೆಯ ತುಂಬ ಬರುವಷ್ಟು ಹಿಗ್ಗಿಸಿ. ಗೋಡೆಯಂತೆ ಎದ್ದು ನಿಂತ ಮೊದಲ ಭಾಗ, ಅದರ ಹಿಂದೆ ಒಂದಿಷ್ಟು ಗೊಂದಲದ ಪೊದೆ, ಆಮೇಲೆ ಸಮನಾಗಿ ಇಳಿಯುತ್ತ ಹೋಗುವ ಇಳಿಜಾರು ಕಾಣುತ್ತದೆ. ಗೋಡೆಯನ್ನೂ ಪೊದೆಯನ್ನೂ, ಅಂದರೆ ಸುಮಾರು 50ರಿಂದ 80 ಮಿಲಿಸೆಕೆಂಡುಗಳಷ್ಟನ್ನು, ಕತ್ತರಿಸಿ, ಉಳಿದದ್ದರ ಆರಂಭಕ್ಕೆ 20 ಮಿಲಿಸೆಕೆಂಡುಗಳ ಫೇಡ್ ಇನ್ (ಸದ್ದು ಮೆಲ್ಲಗೆ ಏರಿ ಬರುವಂತೆ ಮಾಡುವುದು) ಕೊಟ್ಟು ಕೇಳಿ. ಗಂಟೆ ಇರುವುದಿಲ್ಲ, ಆದರೆ ಲೋಹದ ಮೈಯೊಳಗಿನ ಸ್ವರಗಳು ಇರುತ್ತವೆ. ಫಿಲ್ಟರಿನಲ್ಲಿ ಅದ್ದಿದಾಗ ಸದ್ದಿನ ಗುಣವೇ ಅಳಿಸುತ್ತದೆ. ಹೀಗೆ ಕತ್ತರಿಸಿದಾಗ ಗುರುತು ಮಾತ್ರ ಅಳಿಯುತ್ತದೆ.

ಇನ್ನೊಂದು ಸಣ್ಣ ಅಭ್ಯಾಸ ನನಗೆ ಬಹಳ ಉಪಯೋಗವಾಗಿದೆ. ಫೈಲಿಗೆ ‘ಮೇಕೆ 03’, ‘ಹಾಲು 07’ ಎಂದು ಹೆಸರಿಡಬೇಡಿ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂಬ ಒಂದು ವರ್ಗವೇ ಇದೆಯಲ್ಲ: ದಬದಬ, ಸರಸರ, ಗಿರಗಿರ, ಚಟಚಟ, ಗುಂಯ್, ಕಿರ್. ಕೇಳಿಸಿದ ಸದ್ದಿಗೆ ತಕ್ಕ ಪದವನ್ನೇ ಫೈಲಿನ ಹೆಸರಾಗಿ ಇಟ್ಟು, ಯಾವ ಪ್ರಾಣಿ, ಯಾವ ದಿನ, ಯಾವ ಹೊತ್ತು ಎಂಬುದನ್ನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒಂದು ತಿಂಗಳ ನಂತರ ‘ಸರಸರ’ ಎಂಬ ಗುಂಪನ್ನು ತೆರೆದಾಗ ಹುಲ್ಲೂ ರೆಕ್ಕೆಯೂ ಹಗ್ಗವೂ ಒಟ್ಟಿಗೆ ಸಿಗುತ್ತವೆ, ಮತ್ತು ಅವುಗಳನ್ನು ಪಕ್ಕಪಕ್ಕದಲ್ಲಿ ಇಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ‘ಪ್ರಾಣಿಗಳು’ ಎಂಬ ಗುಂಪಿನಿಂದ ಅಂಥದ್ದು ಹೊಳೆಯುವುದಿಲ್ಲ.

ಉತ್ತರ: ಬೇಲಿತಂತಿ

‘ಸ್ಸ್’ ಸದ್ದಿನ ಬಗ್ಗೆ ಮಾತ್ರ ನಾನು ಹೇಳುತ್ತೇನೆ, ಏಕೆಂದರೆ ಉಳಿದ ಚರ್ಚೆ ಎಷ್ಟೇ ಚೆನ್ನಾಗಿದ್ದರೂ ಮೂಲ ಧ್ವನಿಮುದ್ರಣ ಕೆಟ್ಟಿದ್ದರೆ ಮುಂದಿನ ಯಾವ ಕೆಲಸವೂ ನಿಲ್ಲುವುದಿಲ್ಲ.

ಚಿಕ್ಕ ರೆಕಾರ್ಡರುಗಳ ಒಳಗಿನ ಮೈಕ್ ಮತ್ತು ಪ್ರಿಆಂಪುಗಳಿಗೆ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗ) ಅವುಗಳದೇ ಆದ ಸದ್ದು ಇರುತ್ತದೆ. ದೂರದಲ್ಲಿ ಮೆಲ್ಲಗೆ ಉಲಿಯುವ ಪ್ರಾಣಿಯನ್ನು ಹಿಡಿಯಲೆಂದು ಗೇನ್ (ಹಿಗ್ಗಿಸುವ ಮಟ್ಟ) ಏರಿಸಿದಾಗ ಆ ಒಳಗಿನ ಸದ್ದೂ ಅದರೊಂದಿಗೆ ಏರುತ್ತದೆ. ಇದಕ್ಕೆ ಖರ್ಚಿಲ್ಲದ ಪರಿಹಾರವೆಂದರೆ ಹತ್ತಿರ ಹೋಗುವುದು. ಬಯಲಿನಲ್ಲಿ ದೂರ ಅರ್ಧಕ್ಕೆ ಇಳಿದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬೆಲ್ ಏರುತ್ತದೆ; ನಾಲ್ಕು ಮೀಟರ್ ದೂರದಿಂದ ಅರ್ಧ ಮೀಟರಿಗೆ ಬಂದರೆ 18 ಡೆಸಿಬೆಲ್ ಪುಕ್ಕಟೆಯಾಗಿ ಸಿಗುತ್ತದೆ, ಒಳಗಿನ ಸದ್ದು ಮಾತ್ರ ಇದ್ದಲ್ಲಿಯೇ ಇರುತ್ತದೆ. ಪ್ರಾಣಿಯ ಹತ್ತಿರ ನೀವು ಹೋಗಲಾಗದಿದ್ದರೆ ರೆಕಾರ್ಡರನ್ನು ಮೊದಲೇ ಅಲ್ಲಿ ಇಟ್ಟು, ಗುಂಡಿ ಒತ್ತಿ, ದೂರ ಹೋಗಿ ಅರ್ಧ ಗಂಟೆ ಕಳೆದು ಬನ್ನಿ. ಮನುಷ್ಯ ಪಕ್ಕದಲ್ಲಿ ಇಲ್ಲದಾಗ ಮೇಕೆಗಳು ಬೇರೆಯೇ ರೀತಿಯಲ್ಲಿ ಮಾತಾಡಿಕೊಳ್ಳುತ್ತವೆ. ಅತಿ ಜೋರಾದ ಕೂಗು ರೆಕಾರ್ಡರಿನ ಸೂಚಕದಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವಂತೆ, 24 ಬಿಟ್‌ನಲ್ಲಿ ಮುದ್ರಿಸಿದರೆ ಸಾಕು. ಸೂಚಕವನ್ನು ಕೆಂಪು ಗೆರೆಗೆ ತಾಗಿಸುವ ಹಟ ಬೇಡ. ಈಗಾಗಲೇ ಕೆಟ್ಟಿರುವ ಫೈಲುಗಳಿಗೆ ಆಡಾಸಿಟಿಯ ನಾಯ್ಸ್ ರಿಡಕ್ಷನ್ ಬಳಸಬಹುದಾದರೂ ಪೂರ್ತಿ ತೆಗೆಯಲು ಹೋಗಬೇಡಿ. 6ರಿಂದ 9 ಡೆಸಿಬೆಲ್ ಇಳಿಸಿ ಬಿಟ್ಟುಬಿಡಿ, ಇಲ್ಲವಾದರೆ ಎಲ್ಲ ಪ್ರಾಣಿಗಳೂ ನೀರಿನೊಳಗಿಂದ ಕೂಗಿದಂತೆ ಕೇಳಿಸುತ್ತವೆ.

ಗಾಳಿ ನಿಮ್ಮ ಎರಡನೆಯ ಶತ್ರು. ಮೈಕಿನ ಮೇಲಿನ ತೆಳು ಫೋಮ್ ಮಾತಿನ ಉಸಿರನ್ನು ತಡೆಯುತ್ತದೆಯೇ ಹೊರತು ಬಯಲಿನ ಗಾಳಿಯನ್ನಲ್ಲ. ಉದ್ದ ಕೂದಲಿನ ಉಣ್ಣೆಯಂಥ ಹೊದಿಕೆಯೇ ಬೇಕು. 80 ಹರ್ಟ್ಸ್‌ನ ಕೆಳಗೆ ಕತ್ತರಿಸುವ ಫಿಲ್ಟರ್ ಗಾಳಿಯ ಗುಡುಗನ್ನು ಕಡಿಮೆ ಮಾಡುತ್ತದೆ, ಆದರೆ ಹಸುವು ಬಾಯಿ ಮುಚ್ಚಿಕೊಂಡು ಕರುವಿಗಾಗಿ ಹೊರಡಿಸುವ ತಗ್ಗು ದನಿಯ ಮೂಲಸ್ವರವೂ ಅಲ್ಲಿಯೇ, 80 ಹರ್ಟ್ಸ್ ಆಸುಪಾಸಿನಲ್ಲಿಯೇ ಇರುತ್ತದೆ. ಆದ್ದರಿಂದ ಫಿಲ್ಟರನ್ನು ರೆಕಾರ್ಡರಿನಲ್ಲಿ ಹಾಕದೆ, ಮನೆಗೆ ಬಂದ ಮೇಲೆ ಕೇಳಿ ನೋಡಿ ಹಾಕುವುದು ಒಳ್ಳೆಯದು.

ಸದ್ದನ್ನು ನಿಧಾನಗೊಳಿಸುವ ಯೋಚನೆ ಇದ್ದರೆ ಸ್ಯಾಂಪಲ್ ರೇಟನ್ನು (ರೆಕಾರ್ಡರು ಸೆಕೆಂಡಿಗೆ ಎಷ್ಟು ಬಾರಿ ಸದ್ದನ್ನು ಅಳೆಯುತ್ತದೆ ಎಂಬುದನ್ನು) ಈಗಲೇ ಯೋಚಿಸಿಕೊಳ್ಳಿ. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ್ದರಲ್ಲಿ ಅದರ ಅರ್ಧದ, ಅಂದರೆ 22 ಕಿಲೋಹರ್ಟ್ಸ್ ಮೇಲಿನದು ಏನೂ ಇರುವುದಿಲ್ಲ. ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿದರೆ, ಅಂದರೆ ಎರಡು ಆಕ್ಟೇವ್ ಇಳಿಸಿದರೆ, ಇರುವ ಎಲ್ಲವೂ 5.5 ಕಿಲೋಹರ್ಟ್ಸ್ ಒಳಗೆ ಬಂದು ಕೂರುತ್ತದೆ ಮತ್ತು ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳುತ್ತದೆ. 96 ಕಿಲೋಹರ್ಟ್ಸ್‌ನಲ್ಲಿ, ಶ್ರವಣಮಿತಿಯ ಮೇಲಿನದನ್ನೂ ಹಿಡಿಯಬಲ್ಲ ಮೈಕಿನಿಂದ ಮುದ್ರಿಸಿದ್ದರೆ ಅದೇ ನಾಲ್ಕು ಪಟ್ಟು ನಿಧಾನದಲ್ಲಿ 12 ಕಿಲೋಹರ್ಟ್ಸ್ ವರೆಗೆ ಜೀವ ಉಳಿದಿರುತ್ತದೆ. ಹಕ್ಕಿಗಳ ವಿಷಯದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಟ್ಟುವಂತಿರುತ್ತದೆ, ಏಕೆಂದರೆ ಹಕ್ಕಿಯ ಧ್ವನಿಪೆಟ್ಟಿಗೆಗೆ ಎರಡು ಬದಿಗಳಿದ್ದು ಅನೇಕ ಹಾಡುಹಕ್ಕಿಗಳು ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸಬಲ್ಲವು. ಮೂಲವೇಗದಲ್ಲಿ ಒಂದು ಚಿಲಿಪಿಲಿ ಎಂದು ಕೇಳಿಸಿದ್ದು ನಿಧಾನದಲ್ಲಿ ಇಬ್ಬರ ಸಂಭಾಷಣೆಯಂತೆ ಬಿಚ್ಚಿಕೊಳ್ಳುತ್ತದೆ.

ಕೊನೆಯದಾಗಿ, ಒಂದು ಕಾಂಟ್ಯಾಕ್ಟ್ ಮೈಕನ್ನು ಪ್ರಯತ್ನಿಸಿ. ಗಾಳಿಯಲ್ಲಿನ ಸದ್ದನ್ನು ಬಿಟ್ಟು, ಅಂಟಿಸಿದ ವಸ್ತುವಿನೊಳಗಿನ ಕಂಪನವನ್ನು ಮಾತ್ರ ಹಿಡಿಯುವ ಪೀಜೋ ಬಿಲ್ಲೆ ಅದು. ಅದನ್ನು ನೇರವಾಗಿ ಸಾಮಾನ್ಯ ಮೈಕ್ ತೂತಿಗೆ ಸಿಕ್ಕಿಸಿದರೆ ತಗ್ಗು ಸ್ವರಗಳೆಲ್ಲ ಹೋಗಿ ಕೀರಲು ಸದ್ದಷ್ಟೇ ಉಳಿಯುತ್ತದೆ. ಒಂದು ಮೆಗಾಓಮಿನ ಆಸುಪಾಸಿನ ಇಂಪೀಡೆನ್ಸ್ (ವಿದ್ಯುತ್ ತಡೆ) ಇರುವ, ಗಿಟಾರಿಗೆಂದು ಕೊಡುವ ತೂತು ಬೇಕು. ನಾನು ಒಮ್ಮೆ ಕೊಟ್ಟಿಗೆಯ ಮರದ ಕಂಬಕ್ಕೆ ಅಂಟಿಸಿ ಕುಳಿತಿದ್ದಾಗ ಹಸುವೊಂದು ಬಂದು ಕತ್ತನ್ನು ಕಂಬಕ್ಕೆ ಉಜ್ಜತೊಡಗಿತು. ಹೊರಗಿನ ಕಿವಿಗೆ ಕೇಳಿಸಿದ್ದು ಬರೀ ‘ಸರ್ ಸರ್’. ಹೆಡ್‌ಫೋನಿನಲ್ಲಿ ದೊಡ್ಡ ಮರದ ಹಡಗೊಂದು ಅಲೆಗೆ ಓಲಾಡುತ್ತ ನರಳಿದಂತಿತ್ತು. ಒಂದು ಎಫೆಕ್ಟನ್ನೂ ಹಾಕದೆ ಅದನ್ನು ಹಾಗೆಯೇ ಬಳಸಿದೆ, ಮತ್ತು ಈವರೆಗೆ ಯಾರೂ ಅದನ್ನು ಹಸು ಎಂದು ಗುರುತಿಸಿಲ್ಲ. ಮಾರ್ಪಾಡನ್ನು ಕಂಪ್ಯೂಟರಿನಲ್ಲಿಯೇ ಮಾಡಬೇಕೆಂದಿಲ್ಲ. ಮೈಕನ್ನು ಎಲ್ಲಿ ಇಡುತ್ತೀರಿ ಎಂಬುದೂ ಒಂದು ಮಾರ್ಪಾಡೇ.

ಉತ್ತರ: ಅರೆಸ್ವರ

ಹಳೇಟೇಪು ಅವರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ. ಮೊದಲ ಪೆಟ್ಟನ್ನು ಕತ್ತರಿಸುವ ಸಲಹೆ ಗಂಟೆಗೆ ಸರಿ, ಕೂಗುವ ಪ್ರಾಣಿಗೆ ಅಷ್ಟು ಸರಿಯಲ್ಲ ಎಂಬುದು ನನ್ನ ಅನುಭವ. ಮೇಕೆಯನ್ನು ಮೇಕೆಯಾಗಿಸುವುದು ಅದರ ಆರಂಭಕ್ಕಿಂತ ಹೆಚ್ಚಾಗಿ ನಡುವಿನ ಆ ನಡುಕ, ‘ಮ್ಯಾ’ದ ಒಳಗಿನ ಅಲುಗು. ತಲೆ ಕತ್ತರಿಸಿದರೂ ಅದು ಮೇಕೆಯಾಗಿಯೇ ಉಳಿಯುತ್ತದೆ.

ನೀವು ಶ್ರುತಿಯ ಬಗ್ಗೆ ಕೇಳಿದ್ದೀರಿ. ಸ್ಯಾಂಪ್ಲರಿನಲ್ಲಿ ಒಂದೇ ಕೂಗನ್ನು ಕೀಬೋರ್ಡಿನ ಉದ್ದಕ್ಕೂ ಹರಡಿದಾಗ ಅದು ಸದ್ದನ್ನು ವೇಗವಾಗಿ ಅಥವಾ ನಿಧಾನವಾಗಿ ನುಡಿಸುತ್ತದೆ. ಒಂದು ಸೆಮಿಟೋನ್ (ಪಿಯಾನೋದ ಪಕ್ಕಪಕ್ಕದ ಎರಡು ಕೀಲಿಗಳ ಅಂತರ) ಏರಿಸಲು ವೇಗವನ್ನು ಸುಮಾರು ಶೇಕಡ 6ರಷ್ಟು ಹೆಚ್ಚಿಸಿದಂತಾಗುತ್ತದೆ. ಸ್ವರದೊಂದಿಗೆ ಪ್ರಾಣಿಯ ಗಂಟಲು ಮತ್ತು ಬಾಯಿಯ ಅನುರಣನಗಳೂ ಮೇಲಕ್ಕೆ ಸರಿಯುತ್ತವೆ, ಆದ್ದರಿಂದ ಕಿವಿಗೆ ಅದು ಮೇಲಿನ ಸ್ವರವನ್ನು ಹಾಡುವ ಮೇಕೆಯಂತೆ ಕೇಳದೆ ಕುಗ್ಗಿದ ಮೈಯ ಬೊಂಬೆಮೇಕೆಯಂತೆ ಕೇಳುತ್ತದೆ. ನಗುವಿನ ಅರ್ಧ ಕಾರಣ ಇಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ. ಫಾರ್ಮಂಟುಗಳನ್ನು, ಅಂದರೆ ಈ ಅನುರಣನಗಳನ್ನು, ಇದ್ದಲ್ಲಿಯೇ ಉಳಿಸಿಕೊಂಡು ಸ್ವರವನ್ನು ಮಾತ್ರ ಬದಲಿಸುವ ಸಾಧನಗಳಿವೆ; ಅವು ಎರಡು ಮೂರು ಸೆಮಿಟೋನುಗಳವರೆಗೆ ಸಹ್ಯ.

ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಮೇಕೆಯನ್ನು ಪಿಯಾನೋದ ಶ್ರುತಿಗೆ ತರಬೇಡಿ. ಉಳಿದದ್ದನ್ನೆಲ್ಲ ಮೇಕೆಯ ಶ್ರುತಿಗೆ ತನ್ನಿ. ಹಾರುವ ಕೆಲಸಗಾರ ಜೇನುಹುಳದ ರೆಕ್ಕೆ ಸೆಕೆಂಡಿಗೆ ಸುಮಾರು 230 ಬಾರಿ ಬಡಿಯುತ್ತದೆ, ಅಂದರೆ ಅದರ ಗುಂಯ್‌ಕಾರ ಪಿಯಾನೋದ ನಡುವಿನ ಸಿ ಸ್ವರಕ್ಕಿಂತ ಒಂದು ಪೂರ್ಣ ಸ್ವರದಷ್ಟು ಕೆಳಗಿನ ಬಿ ಫ್ಲ್ಯಾಟಿಗೆ ತುಸು ಕಡಿಮೆಯಾಗಿ ನಿಲ್ಲುತ್ತದೆ. ಆ ‘ತುಸು ಕಡಿಮೆ’ಯನ್ನು ತಿದ್ದದೆ ಅದನ್ನೇ ಷಡ್ಜವಾಗಿ ಇಟ್ಟುಕೊಳ್ಳಿ. ಸೋನಿಕ್ ವಿಷುವಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣದಲ್ಲಿ ಯಾವ ಸ್ವರಗಳಿವೆ ಎಂದು ತೋರಿಸುವ ಚಿತ್ರ) ತೆರೆದು ಗಂಟೆಯ ಗಟ್ಟಿ ಗೆರೆಗಳು ಎಷ್ಟೆಷ್ಟು ಹರ್ಟ್ಸ್‌ನಲ್ಲಿವೆ ಎಂದು ಬರೆದುಕೊಳ್ಳಿ; ಗಂಟೆಯ ಸ್ವರಗಳು ತಂತಿವಾದ್ಯದ್ದರಂತೆ ಸರಳ ಗುಣಕಗಳಲ್ಲಿ ಇರುವುದಿಲ್ಲ. ಆ ಬೆಸ ಅಂತರಗಳೇ ನಿಮ್ಮ ಸ್ವರಶ್ರೇಣಿಯಾಗಲಿ. ನಾನು ಒಂದು ಇಡೀ ರಚನೆಯನ್ನು ಒಂದೇ ಕೊರಳಗಂಟೆಯ ಆರು ಸ್ವರಗಳಲ್ಲಿ ಮಾಡಿದ್ದೇನೆ, ಅದರಲ್ಲಿ ಮೂರನ್ನು ಯಾವ ಹಾರ್ಮೋನಿಯಮ್ಮಿನಲ್ಲಿಯೂ ನುಡಿಸಲಾಗದು.

ಲಯಕ್ಕೂ ಇದೇ ಮಾತು. ನಿಮಿಷಕ್ಕೆ 120 ಎಂಬ ಲೆಕ್ಕ ಎಲ್ಲಿಂದ ಬಂತು? ತಂತ್ರಾಂಶ ತೆರೆದಾಗ ಪರದೆಯ ಮೇಲೆ ಇದ್ದದ್ದನ್ನೇ ಬಿಟ್ಟಿರೇನೋ ಎಂದು ನನ್ನ ಅನುಮಾನ, ತಪ್ಪಾಗಿದ್ದರೆ ಕ್ಷಮಿಸಿ. ನಿಮ್ಮ ಬಳಿ ಹಾಲು ಕರೆಯುವ ಧ್ವನಿಮುದ್ರಣ ಇದೆಯಲ್ಲ, ಅದನ್ನು ಮೊದಲಿನಿಂದ ಕೊನೆಯವರೆಗೆ ಕತ್ತರಿಸದೆ ಕೇಳಿ. ಮೊದಲ ಧಾರೆಗಳು ಬರಿಯ ಲೋಹದ ತಳಕ್ಕೆ ಬಿದ್ದು ‘ಟಿಣ್ ಟಿಣ್’ ಎನ್ನುತ್ತವೆ. ಎರಡು ಕೈಗಳಿಂದ ಬರುವ ಎರಡು ಧಾರೆಗಳು ತಳದ ಬೇರೆ ಬೇರೆ ಜಾಗಕ್ಕೆ ಬೀಳುವುದರಿಂದ ಎರಡಕ್ಕೂ ಸ್ವರ ಬೇರೆ; ಆಗಲೇ ನಿಮಗೆ ಎರಡು ಸ್ವರಗಳ ಒಂದು ತಾಳ ಸಿಕ್ಕಿತು. ತಳ ಮುಳುಗಿದ ಮೇಲೆ ಅದು ‘ಚರ್ ಚರ್’ ಆಗುತ್ತದೆ, ನೊರೆ ಕಟ್ಟಿದಂತೆ ‘ಸೊರ್ ಸೊರ್’ ಎಂದು ಮೆತ್ತಗಾಗುತ್ತದೆ. ಕೊನೆಯಲ್ಲಿ ಕೆಚ್ಚಲು ಬತ್ತುತ್ತಿದ್ದಂತೆ ಧಾರೆಗಳ ನಡುವಿನ ಬಿಡುವು ಹೆಚ್ಚುತ್ತದೆ, ಒಂದು ಕೈ ನಿಲ್ಲುತ್ತದೆ, ಆಮೇಲೆ ಇನ್ನೊಂದು. ಆರಂಭ, ಬೆಳವಣಿಗೆ, ಮುಕ್ತಾಯ ಮೂರನ್ನೂ ಒಳಗೊಂಡ ಒಂದು ರಚನೆ ನಿಮ್ಮ ಫೈಲಿನಲ್ಲಿ ಆಗಲೇ ಇದೆ. ಅದನ್ನು ಬೆನ್ನೆಲುಬಾಗಿ ಇಟ್ಟುಕೊಂಡು, ಪ್ರತಿ ಧಾರೆ ಬಿದ್ದ ಕ್ಷಣವನ್ನೂ ಗುರುತು ಹಾಕಿ, ಉಳಿದ ಸದ್ದುಗಳನ್ನು ಆ ಗುರುತುಗಳಿಗೆ ಕಟ್ಟಿರಿ. ತಂತ್ರಾಂಶದ ಗೆರೆಗಳಿಗೆ ಧಾರೆಯನ್ನು ಎಳೆಯುವ ಬದಲು ಗೆರೆಗಳನ್ನೇ ಧಾರೆಗೆ ಎಳೆಯುವ ಸೌಲಭ್ಯ ಸಂಗೀತ ತಂತ್ರಾಂಶಗಳಾದ ಏಬಲ್ಟನ್ ಲೈವ್, ರೀಪರ್ ಎರಡರಲ್ಲಿಯೂ ಇದೆ.

ಜೀರುಂಡೆಯ ಬಗ್ಗೆ ಒಂದು ಎಚ್ಚರಿಕೆ. ಅವುಗಳ ಉಲಿಯುವ ವೇಗ ಹವೆಯ ಉಷ್ಣತೆಯೊಂದಿಗೆ ಏರಿಳಿಯುತ್ತದೆ. ಏಮಸ್ ಡಾಲ್ಬೇರ್ ಎಂಬ ಭೌತವಿಜ್ಞಾನಿ 1897ರಲ್ಲಿಯೇ ಉಲಿಗಳನ್ನು ಎಣಿಸಿ ಉಷ್ಣತೆಯನ್ನು ಹೇಳುವ ಸೂತ್ರವನ್ನು ಪ್ರಕಟಿಸಿದ್ದರು. ಆದ್ದರಿಂದ ಸಂಜೆಯ ಜೀರುಂಡೆಯನ್ನೂ ನಸುಕಿನ ಜೀರುಂಡೆಯನ್ನೂ ಒಂದೇ ಸಾಲಿನಲ್ಲಿ ಜೋಡಿಸಿದರೆ ಲಯ ಎಡವುತ್ತದೆ. ನಿಮ್ಮ ಬಳಿ ಒಂದೇ ರಾತ್ರಿಯ ನಾಲ್ಕು ಹೊತ್ತುಗಳ ಮುದ್ರಣ ಇದ್ದರೆ ಅದನ್ನೇ ರಚನೆಯ ಗತಿಯನ್ನು ಇಳಿಸುತ್ತ ಹೋಗುವ ಸಾಧನವಾಗಿ ಬಳಸಿಕೊಳ್ಳಬಹುದು, ಅದಕ್ಕಿಂತ ಸಹಜವಾದ ವಿಳಂಬ ಬೇರೊಂದಿಲ್ಲ.

ಉತ್ತರ: ಮೂಕಮರ್ಮರ

ನಕ್ಕರೆ ತಪ್ಪೇನು ಎಂದು ಯಾರೂ ಕೇಳಲಿಲ್ಲವಲ್ಲ. ಮೇಕೆ ನಗು ತರಿಸುವ ಪ್ರಾಣಿ. ನಗು ಬರುವ ಜಾಗದಲ್ಲಿಯೇ ಅದು ಬರುವಂತೆ ಮಾಡಿದರೆ ಆಯಿತು.

ಉತ್ತರ: ಬೇಲಿತಂತಿ

ಒಂದು ವಿಷಯವನ್ನು ಮರೆತಿದ್ದೆ. ನೀವು ಮುಂದೆ ಬೇರೆಯವರು ಹಂಚಿಕೊಂಡ ಮುದ್ರಣಗಳನ್ನು ಸೇರಿಸಿಕೊಳ್ಳುವುದಾದರೆ, ಸದ್ದುಗಳನ್ನು ಹಂಚುವ ಜಾಲತಾಣ ಫ್ರೀಸೌಂಡ್ ಮತ್ತು ಹಕ್ಕಿಗಳ ಧ್ವನಿಗೆಂದೇ ಇರುವ ಜೆನೋ ಕ್ಯಾಂಟೋ ಎರಡರಲ್ಲಿಯೂ ಪ್ರತಿ ಫೈಲಿನ ಪರವಾನಗಿಯನ್ನು ಬೇರೆ ಬೇರೆಯಾಗಿ ಓದಿ. ಕೆಲವಕ್ಕೆ ಹೆಸರು ಹೇಳಿದರೆ ಸಾಕು, ಕೆಲವನ್ನು ಮಾರಾಟದ ಕೃತಿಯಲ್ಲಿ ಬಳಸುವಂತಿಲ್ಲ. ಮಾರ್ಪಡಿಸಲು ಅನುಮತಿ ಇಲ್ಲದ ಫೈಲುಗಳೂ ಇವೆ, ಮತ್ತು ನಮ್ಮ ಕೆಲಸವೇ ಮಾರ್ಪಡಿಸುವುದಾದ್ದರಿಂದ ಅಂಥವು ನಮಗೆ ಪೂರ್ತಿ ಅನುಪಯುಕ್ತ. ನಿಮ್ಮದೇ ಮುದ್ರಣಗಳಲ್ಲಿ ಜನರ ಮಾತು ಸಿಕ್ಕಿಬಿದ್ದಿದ್ದರೆ ಅವರನ್ನು ಕೇಳಿಯೇ ಬಳಸಿ. ಹಾಗೆಯೇ, ಹಕ್ಕಿ ಹತ್ತಿರ ಬರಲಿ ಎಂದು ಅದರದೇ ಹಾಡನ್ನು ಸ್ಪೀಕರಿನಲ್ಲಿ ಕೇಳಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಗೂಡು ಕಟ್ಟುವ ಕಾಲದಲ್ಲಂತೂ ಮಾಡಬೇಡಿ. ತನ್ನ ಎಲ್ಲೆಯೊಳಗೆ ಎದುರಾಳಿ ನುಗ್ಗಿದನೆಂದು ಅದು ಮರಿಗಳನ್ನು ಬಿಟ್ಟು ಜಗಳಕ್ಕೆ ಬರುತ್ತದೆ.

ಮರುಉತ್ತರ: ಮುಂಜಾವು

ಎಲ್ಲರಿಗೂ ಧನ್ಯವಾದಗಳು. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅರೆಸ್ವರ ಅವರ ಅನುಮಾನ ಸರಿಯಾಗಿಯೇ ಇತ್ತು. 120 ಎಂಬುದು ತಂತ್ರಾಂಶ ಕೊಟ್ಟ ಅಂಕಿ, ನಾನು ಅದನ್ನು ಮುಟ್ಟಿಯೇ ಇರಲಿಲ್ಲ.

ಹಳೆಯ ಎರಡೂ ಪ್ರಯತ್ನಗಳನ್ನು ಬದಿಗಿಟ್ಟು ಹಾಲಿನ ಧ್ವನಿಮುದ್ರಣವನ್ನು ಹಾಸಿಕೊಂಡೆ. ಅದು 5 ನಿಮಿಷ 40 ಸೆಕೆಂಡು ಇದೆ. ಪ್ರತಿ ಧಾರೆಗೂ ಗುರುತು ಹಾಕುವುದಕ್ಕೆ ಎರಡು ಸಂಜೆಗಳು ಹಿಡಿದವು. ‘ಟಿಣ್ ಟಿಣ್’ ಇರುವ ಮೊದಲ ಮುಕ್ಕಾಲು ನಿಮಿಷದಲ್ಲಿ ಬೇರೇನೂ ಇಲ್ಲ. ಅದು ‘ಚರ್ ಚರ್’ ಆಗುವಲ್ಲಿ, ಪೆಟ್ಟು ಕತ್ತರಿಸಿದ ಕೊರಳಗಂಟೆಯ ಸ್ವರಗಳು ಎಡಗೈಯ ಧಾರೆಯೊಂದಿಗೆ ಮಾತ್ರ ಬರುತ್ತವೆ. ನೊರೆಯ ಭಾಗದಲ್ಲಿ ಜೇನಿನ ಗುಂಯ್‌ಕಾರವನ್ನು 60 ಮಿಲಿಸೆಕೆಂಡಿನ ಚೂರುಗಳಾಗಿ ಒಡೆದು ಹರಡಿದ್ದೇನೆ; ಒಂದೊಂದು ಚೂರಿನಲ್ಲಿಯೂ ಹದಿನಾಲ್ಕು ರೆಕ್ಕೆಬಡಿತಗಳಷ್ಟೇ ಉಳಿದಿರುತ್ತವೆ ಎಂದು ಲೆಕ್ಕ ಹಾಕಿದಾಗ ಏಕೋ ಸಂತೋಷವಾಯಿತು. ಫೈಲುಗಳಿಗೆ ಅನುಕರಣಾವ್ಯಯದ ಹೆಸರಿಟ್ಟದ್ದರಿಂದ ಆದ ಲಾಭವೆಂದರೆ, ‘ಕಿರ್’ ಎಂಬ ಗುಂಪಿನಲ್ಲಿ ಬಾವಿಯ ರಾಟೆಯ ಪಕ್ಕದಲ್ಲಿಯೇ ಒಂದು ಹುಂಜದ ಕೂಗಿನ ಬಾಲ ಸಿಕ್ಕಿತು, ಎರಡನ್ನೂ ಬೆಸೆದಾಗ ಬೆಸುಗೆ ಎಲ್ಲಿದೆಯೆಂದು ನನಗೇ ಕೇಳಿಸುತ್ತಿಲ್ಲ.

ಮೇಕೆಯನ್ನು ಒಂದೇ ಒಂದು ಸಲ ಬಳಸಿದ್ದೇನೆ, ಯಾವ ಮಾರ್ಪಾಡೂ ಇಲ್ಲದೆ. ಬಲಗೈಯ ಧಾರೆ ನಿಂತು ಎಡಗೈಯದು ಇನ್ನೂ ಮುಂದುವರಿದಿರುವಾಗ, ದೂರದಿಂದ ಬರುತ್ತದೆ. ಅದೇ ನಾಲ್ವರಿಗೆ ಕೇಳಿಸಿದೆ. ಒಬ್ಬರು ನಕ್ಕರು, ಒಬ್ಬರು ತಿರುಗಿ ಬಾಗಿಲ ಕಡೆ ನೋಡಿದರು, ಇನ್ನಿಬ್ಬರು ಏನೂ ಮಾಡಲಿಲ್ಲ.

ಒಂದು ತೊಂದರೆ ಉಳಿದಿದೆ. ಕೊನೆಯ ನಿಮಿಷದಲ್ಲಿ ಹಸುವಿನ ಬಾಯಿಮುಚ್ಚಿದ ತಗ್ಗು ದನಿಯನ್ನು ಇಡೀ ರಚನೆಯ ನೆಲದಂತೆ ಹಾಸಿದ್ದೇನೆ. ಹೆಡ್‌ಫೋನಿನಲ್ಲಿ ಅದು ಎದೆಗೆ ತಾಗುತ್ತದೆ, ಆದರೆ ಸ್ನೇಹಿತರು ಮೊಬೈಲಿನ ಸ್ಪೀಕರಿನಲ್ಲಿ ಕೇಳಿದಾಗ ಅಲ್ಲಿ ಏನೂ ಇರಲಿಲ್ಲ. ಧ್ವನಿಯನ್ನು ಏರಿಸಿದರೆ ಹೆಡ್‌ಫೋನಿನಲ್ಲಿ ಸಹಿಸಲಾಗುತ್ತಿಲ್ಲ.

ಉತ್ತರ: ಅರೆಸ್ವರ

ಮೊಬೈಲಿನ ಸ್ಪೀಕರ್ 80 ಹರ್ಟ್ಸ್ ಸದ್ದನ್ನು ಹೊರಡಿಸಲಾರದು, ಎಷ್ಟು ಏರಿಸಿದರೂ ವ್ಯರ್ಥ. ಕಿವಿಯ ಒಂದು ಗುಣವನ್ನು ಇಲ್ಲಿ ಬಳಸಿಕೊಳ್ಳಬಹುದು: 80ರ ಗುಣಕಗಳಾದ 240, 320, 400, 480 ಹರ್ಟ್ಸ್‌ಗಳ ಮೇಲುಸ್ವರಗಳು ಒಟ್ಟಿಗೆ ಕೇಳಿಸಿದರೆ, 80 ಹರ್ಟ್ಸ್ ಅಲ್ಲಿ ಇಲ್ಲದಿದ್ದರೂ ನಮ್ಮ ಮಿದುಳು ಆ ಮೂಲಸ್ವರವನ್ನೇ ಕೇಳಿದಂತೆ ಭಾವಿಸುತ್ತದೆ. ಹಸುವಿನ ದನಿಯಲ್ಲಿ ಆ ಮೇಲುಸ್ವರಗಳು ಇವೆ, ಆದರೆ ಬಾಯಿ ಮುಚ್ಚಿದ್ದರಿಂದ ಮಂಕಾಗಿವೆ. ಅದೇ ಟ್ರ್ಯಾಕಿನ ಒಂದು ಪ್ರತಿಯನ್ನು ಮಾಡಿಕೊಂಡು, ಅದಕ್ಕೆ ಸ್ಯಾಚುರೇಷನ್ (ಮೇಲುಸ್ವರಗಳನ್ನು ಹೆಚ್ಚಿಸುವ ಎಫೆಕ್ಟ್) ಕೊಟ್ಟು, 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಮೂಲದ ಅಡಿಯಲ್ಲಿ ಮೆಲ್ಲಗೆ ಬೆರೆಸಿರಿ. ಬೆರೆಸುವಾಗ ಮೊಬೈಲಿನಲ್ಲಿಯೇ ಕೇಳುತ್ತ ಏರಿಸಿ, ದನಿ ಕಾಣಿಸಿಕೊಂಡ ಕ್ಷಣದಲ್ಲಿ ನಿಲ್ಲಿಸಿ, ಆಮೇಲೆ ಹೆಡ್‌ಫೋನಿಗೆ ಹಿಂದಿರುಗಿ ನೋಡಿ. ಅಲ್ಲಿ ಹಸುವಿನ ಗಂಟಲು ಒರಟಾಗಿ, ನೆಗಡಿ ಹಿಡಿದಂತೆ ಕೇಳಿಸಿದರೆ 2 ಡೆಸಿಬೆಲ್ ಇಳಿಸಬೇಕೆಂದು ಅರ್ಥ.